ಕೆಂಪರಾಜು ಇಲ್ಲದ ಐದು ದಿನ

ಮೂರನೇ ಸಲವೂ ಕಂಪ್ಯೂಟರು ಅದನ್ನೇ ಹೇಳಿತು: ನಿನಗೆ ಅನುಮತಿ ಇಲ್ಲ.

ಕೆಂಪರಾಜು ಹೊಸದಾಗಿ ಬೋಳಿಸಿದ ಕೆನ್ನೆ ಸವರಿಕೊಂಡ. ದೊಡ್ಡಬಳ್ಳಾಪುರದಲ್ಲಿ ಲಿನಕ್ಸ್ ಬಲ್ಲವನು ತಾನೊಬ್ಬನೇ ಎಂದು ಹೇಳಿಕೊಂಡು ತಿರುಗುತ್ತಿದ್ದ ಆಸಾಮಿ ಅವನು. ಬಲ್ಲದ್ದು ಅರ್ಧ ಪುಸ್ತಕ, ಉಳಿದರ್ಧ ಭಂಡಧೈರ್ಯ ಎಂಬುದು ಅವನಿಗೂ ಗೊತ್ತಿತ್ತು. ೧೯೯೯ರ ಜನವರಿಯಲ್ಲಿ ಅಷ್ಟು ಸಾಕಿತ್ತು. ಈಗ ಐದು ದಿನ ರಜೆ ಹಾಕಿ ಬರುವಷ್ಟರಲ್ಲಿ ಯಜಮಾನಿಕೆಯೇ ಹೋಗಿತ್ತು. ಯಂತ್ರದ ಸಕಲ ಅಧಿಕಾರವೂ ಬೇರೊಂದು ಹೆಸರಿಗೆ ಸೇರಿತ್ತು: ಸ್ವಾಮಿ.

ಎರಡು ವರ್ಷ ಕೂತು ಬಿಡಿಸಿದ ಇನ್ನೂರು ಸೀರೆ ಅಂಚಿನ ಡಿಸೈನುಗಳು ಅದರೊಳಗಿದ್ದವು. ಅವೇ ಅವನ ನೌಕರಿ, ಅವೇ ಅವನ ಮಾನ. ಯಾವನೋ ಸ್ವಾಮಿ ಅವನ್ನು ನುಂಗಿಕೊಂಡರೆ ಮಗ್ಗದ ಸಾಹುಕಾರ ಆದಿನಾರಾಯಣಪ್ಪನವರು ತನ್ನನ್ನು ಮತ್ತೆ ನೂಲು ಸುತ್ತಲು ಕಳಿಸುತ್ತಾರೆ.

ಕಾಲಿಗೆ ಚಪ್ಪಲಿ ಇನ್ನೂ ಒಗ್ಗಿರಲಿಲ್ಲ. ಕುಂಟುತ್ತ ಹೋಗಿ ಗುಮಾಸ್ತ ಪಿಳ್ಳಣ್ಣನನ್ನು ಹಿಡಿದ.

“ನಾನಿಲ್ದಾಗ ಯಾರ್ ಬಂದಿದ್ರು?”

“ಕಂಪ್ಯೂಟರ್ ಅಂಗಡಿಯಿಂದ ಕೀರ್ತನ ಮೇಡಂ. ಮಿಷಿನ್ ಯಾರ್ ನೋಡ್ಕೊಳ್ಳೋದು ಅಂತ ಕೇಳಿದ್ರು. ಹೇಳಿದ್ವಿ.”

“ನನ್ನ ಹೆಸ್ರು ಹೇಳಿದ್ರಾ?”

“ಇಲ್ಲಣ್ಣ. ನಿಮ್ಮ ಹೆಸ್ರು ಯಾರೂ ಎತ್ಲಿಲ್ಲ.”

ಕೆಂಪರಾಜುವಿಗೆ ಮೈ ಉರಿದುಹೋಯಿತು. ಆ ಸ್ವಾಮಿ ಯಾರೆಂದು ಕೇಳಬಹುದಿತ್ತು. ಆದರೆ ಕಂಪ್ಯೂಟರಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದೂ ಒಂದಿದೆಯೆಂದು ಗುಮಾಸ್ತನ ಮುಂದೆ ಒಪ್ಪಿಕೊಳ್ಳುವುದುಂಟೆ?

ಯಂತ್ರ ಆರಿಸಿ ಮತ್ತೆ ಹಚ್ಚಿದ. ಅದು ಕಣ್ಣು ಬಿಡುವಾಗಲೇ ತಡೆದು, ಪುಸ್ತಕದಲ್ಲಿದ್ದ ಎರಡು ಪದ ಕುಟ್ಟಿದ. ಪಾಸ್‌ವರ್ಡ್ ಕೇಳದೆ ಒಳಗೆ ಬಿಟ್ಟಿತು. ಅಧಿಕಾರಿಗಳ ಪಟ್ಟಿಗೆ ತನ್ನ ಹೆಸರನ್ನು ಮತ್ತೆ ಸೇರಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಕೆಂಪರಾಜುವೇ ಅಲ್ಲ. ಸ್ವಾಮಿಯ ಖಾತೆಯನ್ನು, ಒಳಗೇನಿದೆ ಎಂದೂ ನೋಡದೆ, ಬುಡಸಮೇತ ಅಳಿಸಿಹಾಕಿದ. ಆಮೇಲೆ ಕಾಫಿ ತರಿಸಿಕೊಂಡು ಕುಡಿದ.

ಅಷ್ಟರಲ್ಲಿ ಫೋನು ಬಂತು. ಕೀರ್ತನ.

“ಸಾರ್, ಕೆಂಪರಾಜು ಅಂತ ಯಾರ್ದೋ ಹಳೇ ಖಾತೆ ಇತ್ತು. ಕೆಲ್ಸ ಬಿಟ್ಟೋದೋರು ಅನ್ಸುತ್ತೆ. ಅದ್ರಲ್ಲಿದ್ದ ಡಿಸೈನೆಲ್ಲಾ ಹೊಸ ಖಾತೆಗೆ ಹಾಕ್ಬಿಟ್ಟು, ಹಳೇದನ್ನ ಖಾಲಿ ಮಾಡಿದೀನಿ. ಮಿಷಿನ್ ನೋಡ್ಕೊಳ್ಳೋರು ಬಂದ್ಮೇಲೆ ಸ್ವಲ್ಪ ಹೇಳ್ಬಿಡಿ.”

ಕೆಂಪರಾಜು ಕಾಫಿ ಲೋಟ ಕೆಳಗಿಟ್ಟ. “ಯಾರಿಗ್ರೀ?”

“ಅದೇ ಸಾರ್, ಮಾಲೆ ಹಾಕ್ಕೊಂಡು ಶಬರಿಮಲೆಗೆ ಹೋಗಿದ್ದಾರಲ್ಲ, ನಿಮ್ಮ ಕಂಪ್ಯೂಟರ್ ಸ್ವಾಮಿ, ಅವ್ರಿಗೆ.”