ಕುಣಿಯೊಳಗಿನ ಗೂಡು

"ಪೆಟಿಗಿ ತಗೀರಿ," ಎಂದ ಅಂದಪ್ಪ, ಕುಣಿಯೊಳಗೆ ನಿಂತುಕೊಂಡೇ. "ಮಲಗಿಸಿ ಮಣ್ಣ ಮಾಡೂ ಪದ್ಧತಿ ನಮ್ಮಲ್ಲಿ ಇಲ್ಲ. ನನ್ನ ಮಗನ್ನ ಕುಂಡ್ರಸಬೇಕು."

ಅಮಾತೆಪ್ಪ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟ. ವಾಯುಸೇನೆಯ ಗೆಳೆಯ, ಅಂದಪ್ಪನ ಮಗ ಕಾಶಪ್ಪನ ಶವಪೆಟ್ಟಿಗೆಯ ಜೊತೆ ಕಮತಗಿಗೆ ಬಂದಿದ್ದ ಅವನಿಗೆ ಮೇಲಿನವರು ಹೇಳಿ ಕಳಿಸಿದ್ದು ಒಂದೇ ಮಾತು: ಏನೇ ಆದರೂ ಪೆಟ್ಟಿಗೆ ತೆರೆಯಕೂಡದು. ಲಿಂಗವಂತರು ಸತ್ತವರನ್ನು ಕುಣಿಯ ಗೋಡೆಯಲ್ಲಿ ಕಡಿದ ಗೂಡಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆಂಬುದು ದೂರದ ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ. ಹುನಗುಂದದಲ್ಲೇ ಹುಟ್ಟಿ ಬೆಳೆದ ತನ್ನ ತಲೆಗೂ ಹೊಳೆಯಲಿಲ್ಲವಲ್ಲ, ಇದಕ್ಕೇನನ್ನಬೇಕು! ದೊಡ್ಡವರ ಅಪ್ಪಣೆ ಹೊತ್ತು ತರುವುದು ಸುಲಭ, ಹೆತ್ತವರ ಮುಂದೆ ಇಳಿಸುವುದು ಕಷ್ಟ.

"ಕಾಕಾ, ಹಂಗ ಇಡೂಣ್ರಿ. ಮೊಳಿ ಹೊಡದಾರ."

"ಹೊಡದ ಮೊಳಿ ಕೀಳಾಕ ಬರತೈತಿ, ತಮ್ಮಾ. ಇಮಾನದಾಗ ಅಂವಾ ಕುಂತ ಇರತಿದ್ದನಿಲ್ಲ? ಕುಂತ ಹೋದಾವನ್ನ ನಾ ಯಾಕ ಮಲಗಸಲಿ?"

ಕೂತೇ ಇರುತ್ತಿದ್ದ, ಖರೆ. ಬಾಂಬು ಹಾಕುವ ವಿಮಾನದ ಬಾಲದ ತುದಿಗೆ, ಬಂದೂಕಿನ ಹಿಂದೆ, ಹಿಮ್ಮುಖವಾಗಿ, ಒಬ್ಬನೇ. "ನೀವೆಲ್ಲಾ ಹೋಗೂ ಊರ ನೋಡ್ತೀರಿ, ನಾ ಬಿಟ್ಟ ಊರ ನೋಡ್ತೇನಿ," ಎಂದು ಎಲ್ಲರನ್ನೂ ನಗಿಸುತ್ತಿದ್ದ. ಇನ್ನೂ ಮೀಸೆ ಬಲಿಯದ ಹುಡುಗ. ಎಪ್ಪತ್ತೊಂದರ ಆ ಹಾಳು ಯುದ್ಧ ಇನ್ನೇನು ಮುಗಿಯಿತು ಅನ್ನುವಾಗ, ಗುಂಡು ತಿಂದ ವಿಮಾನ ವಾಪಸು ಬಂದು ನೆಲ ಮುಟ್ಟಿ, ಅಲ್ಲೇ ಹೊತ್ತಿ ಉರಿದಿತ್ತು; ಬಾಲದಲ್ಲಿದ್ದವನು ಹೊರಗೆ ಬರಲಿಲ್ಲ.

ಇಬ್ಬರು ಹಾರೆ ತಂದರು. ಅಮಾತೆಪ್ಪ ಪೆಟ್ಟಿಗೆಯ ಮೇಲೆ ಅಡ್ಡ ಬಿದ್ದ. "ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ಕಾಶಪ್ಪನ ತಾಯಿ ಗುರುಲಿಂಗವ್ವ ಅವನ ಹೆಗಲು ಮುಟ್ಟಿದಳು. "ಮಾರಿ ಕೆಟ್ಟಿದ್ರೂ ನನ್ನ ಮಗನ ಯಪ್ಪಾ. ಈ ಕಡೆ ಸರಿ."

ಅವನು ಸರಿದ.

ಮುಚ್ಚಳ ಎದ್ದಿತು. ಒಳಗೆ ಉಸುಕಿನ ಚೀಲಗಳು. ಅವುಗಳ ನಡುವೆ, ಬಿಳಿ ಬಟ್ಟೆಯಲ್ಲಿ ಸುತ್ತಿದ, ಕೊರಳಲ್ಲಿ ಕಟ್ಟುವ ಲಿಂಗದ ಕರಡಿಗೆ, ಸುಟ್ಟು ಕಪ್ಪಾದದ್ದು. ಬೇರೇನೂ ಇರಲಿಲ್ಲ.

"ನನ್ನ ಮಗ ಎಲ್ಲಿ?" ಎಂದ ಅಂದಪ್ಪ.

"ಅವಂದು ಇಷ್ಟ ಸಿಕ್ತು, ಕಾಕಾ."

"ಮತ್ತ ಈ ಉಸುಕು?"

"ಪೆಟಿಗಿ ಹಗರಾದ್ರ ಹೊತ್ತವರಿಗೆ ತಿಳೀತೈತೆಂತ... ನಾನ ತುಂಬೇನ್ರಿ."

ಗುರುಲಿಂಗವ್ವ ಇದ್ದಲ್ಲೇ ಕುಸಿದಳು. ಬೆಳಗಿನಿಂದ ಅಳುತ್ತಿದ್ದ ಮಂದಿಯೆಲ್ಲ ಅಳುವುದನ್ನೇ ಮರೆತು ನಿಂತಿದ್ದರು. ಪೂಜೆಗೆ ಬಂದಿದ್ದ ಅಯ್ಯನವರು ಪತ್ರಿ ಹಿಡಿದ ಕೈ ಇಳಿಸಿ, "ಕುಂಡ್ರಸಾಕ ಏನೂ ಇಲ್ಲೋ ಅಂದಪ್ಪಾ. ಮ್ಯಾಲ ಬಾ," ಎಂದರು.

ಅಂದಪ್ಪ ಕೈ ನೀಡಿ ಕರಡಿಗೆ ಇಸಿದುಕೊಂಡ. ಮೇಲೆ ಬರಲಿಲ್ಲ. ಅಮಾತೆಪ್ಪ ನೋಡುತ್ತಿದ್ದಂತೆಯೇ, ಹೊಸದಾಗಿ ಕಡಿದ ಗೂಡಿನೊಳಗೆ ಸರಿದು ಚಕ್ಕಳಮಕ್ಕಳ ಹಾಕಿ ಕೂತ. ಕರಡಿಗೆ ಬಿಚ್ಚಿ, ಮಗನ ಲಿಂಗವನ್ನು ತನ್ನ ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ.

"ಇಭೂತಿ ಹಚ್ಚರಿ, ಅಯ್ಯನವರ," ಎಂದ. "ಮಣ್ಣ ಎಳೀರಿ."