ಸುಜಯನ ಕಿವಿಗೆ ಬಿದ್ದದ್ದು

“ಮೊದಲು ಆ ಗುಂಯ್ ಅನ್ನೋದನ್ನ ನಿಲ್ಲಿಸು,” ಎಂದ ಸುಜಯ, ಚಪ್ಪಲಿ ಬಿಡುವ ಮೊದಲೇ. “ಅರ್ಥಿಂಗ್ ಸರಿಯಿಲ್ಲ. ಬಾಗಿಲಿಗೇ ಕೇಳ್ತಿದೆ.”

ಇಕ್ಬಾಲ್ ಬಾಯಿ ತೆರೆದ. ಸುಜಯ ಕೈ ಎತ್ತಿದ. ಇಕ್ಬಾಲ್ ಬಾಯಿ ಮುಚ್ಚಿದ.

ಶಿರಸಿಯಲ್ಲಿ ಸುಜಯನ ಕಿವಿಗೆ ಅಷ್ಟು ಬೆಲೆ. ಆ ಬೆಲೆ ಕಟ್ಟಿದವನೂ ಅವನೇ. ಆಡಿಯೋ ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿ ಅವನು ‘ಪರವಾಗಿಲ್ಲ’ ಎಂದ ಸೆಟ್ಟು ಮಾರಾಟವಾಗುತ್ತಿತ್ತು; ‘ಡಬ್ಬಿ’ ಎಂದದ್ದು ಅಂಗಡಿಗೆ ವಾಪಸು. ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಊರು ಕೇಳುವುದು ಇಂಥವರ ಮಾತನ್ನೇ.

ಇಕ್ಬಾಲ್ ಅಡುಗೆಮನೆಯ ಮಿಕ್ಸರ್ ರಿಪೇರಿಯವ. ಎರಡು ವರ್ಷದಿಂದ ತಾನೇ ಹಲಗೆ ಕೊಯ್ದು ಸ್ಪೀಕರ್ ಪೆಟ್ಟಿಗೆ ಕಟ್ಟುತ್ತಿದ್ದ. ಹುಲಗೋಳದ ಸಂಗೀತದ ಟೀಚರ್ ರೋಹಿಣಿ ಹೆಗಡೆಯವರ ಮನೆಯ ಈ ಸೆಟ್ಟು ಅವನ ಮೊದಲ ದೊಡ್ಡ ಕೆಲಸ. ನಂದೊಳ್ಳಿಯ ಒಬ್ಬರು, ಹೆಗಡೆಕಟ್ಟಾದ ಇಬ್ಬರು ಇಂಥದೇ ಸೆಟ್ಟು ಕಟ್ಟಿಸಲು ಸುಜಯನ ಮಾತಿಗಾಗಿ ಕಾದಿದ್ದರು. ಇವತ್ತು ‘ಡಬ್ಬಿ’ ಎಂದುಬಿಟ್ಟರೆ ಅವನಿಗೆ ಮತ್ತೆ ಮಿಕ್ಸರೇ ಗತಿ.

ಬಂದಾಗ ಬಾಗಿಲ ಬೆಲ್ ಒತ್ತಿದರೆ ಸದ್ದೇ ಬಂದಿರಲಿಲ್ಲ. ಬೆಲ್ಲನ್ನೇ ನೆಟ್ಟಗಿಟ್ಟುಕೊಳ್ಳದವರಿಗೆ ಸೆಟ್ಟು ಬೇರೆ ಕೇಡು ಎಂದುಕೊಂಡು ಸುಜಯ ಒಳಗೆ ಬಂದ. ಒಳಕೋಣೆಯ ಬಾಗಿಲಿಗೆ ದಪ್ಪ ಪರದೆ. ಅದರ ಎರಡೂ ಪಕ್ಕ ಇಕ್ಬಾಲನ ಪೆಟ್ಟಿಗೆಗಳು. ಹೆಣ್ಣುಧ್ವನಿಯೊಂದು ನಿಧಾನಕ್ಕೆ ಆಲಾಪ ಮಾಡುತ್ತಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ಕೇಳುವಾಗ ಫ್ಯಾನು ಇರಬಾರದೆಂಬ ಬುದ್ಧಿಯಾದರೂ ಇದೆಯಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿದ.

“ಬನ್ನಿ ಸುಜಯಣ್ಣ, ಕುತ್ಗಳಿ. ಆಸ್ರಿಗೆ ಎಂತ ಕೊಡ್ಲಿ?” ಎಂದರು ರೋಹಿಣಿ.

“ಕೇಳುವಾಗ ನಾನು ಏನೂ ಕುಡಿಯೋದಿಲ್ಲ.” ಮನೆಮಾತನ್ನು ಅವನು ಜರ್ಮನ್ ಆಂಪ್ಲಿಫೈಯರ್ ಕೊಂಡ ವರ್ಷವೇ ಬಿಟ್ಟಿದ್ದ.

“ಸುಜಯಣ್ಣ, ಸದ್ದು ಕೆಡೋದು ಕೋಣೆಯಿಂದ, ಪೆಟ್ಟಿಗೆ ಇಡೋ ಜಾಗದಿಂದ. ಅದನ್ನ ನೋಡಿಯೇ ಕಟ್ಟಿದೀನಿ,” ಎಂದ ಇಕ್ಬಾಲ್. “ವಾಯರ್ ಮಾತು ಕಡೆಗೆ. ಆದ್ರೆ ಈಗ ಇಲ್ಲಿ—”

“ಬೆಳ್ಳಿ ವಾಯರ್ ಯಾವತ್ತಾದ್ರೂ ಮುಟ್ಟಿ ನೋಡಿದ್ದೀಯಾ? ಇಲ್ಲ ತಾನೆ? ಸುಮ್ನಿರು.”

ರೋಹಿಣಿಯವರೂ ಇಕ್ಬಾಲನಿಗೆ ಕಣ್ಣಲ್ಲೇ ಸುಮ್ಮನಿರು ಎಂದರು.

ಸುಜಯ ಕಣ್ಣು ಮುಚ್ಚಿದ. ಯಂತ್ರದ ಮುಖ ನೋಡಿದರೆ ಕಿವಿ ಮೋಸ ಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಐದು ನಿಮಿಷ ಕೇಳಿದ. ತುಟಿ ಸೊಟ್ಟಗಾಯಿತು.

“ಧ್ವನಿ ಎಡಕ್ಕೇ ವಾಲಿದೆ. ಬಲಗಡೆಯದು ಸತ್ತಿದೆ. ಸಾಲು ಸಾಲಿನ ಮಧ್ಯ ಉಸ್ ಅಂತ ಗಾಳಿ ಬೇರೆ.”

“ಧ್ವನಿ ಹೇಂಗಿದ್ದು?” ರೋಹಿಣಿ ಕೇಳಿದರು. “ಅದೊಂದೇ ಎಂಗೆ ಚಿಂತೆ.”

“ತಗಡು. ಮನುಷ್ಯರ ಗಂಟಲು ಹೀಗಿರೋದಿಲ್ಲ ರೋಹಿಣಕ್ಕ. ಜೀವಂತ ಹಾಡು ಕೇಳಿದ ಕಿವಿ ನಂದು.”

“ಸರಿ ಮಾಡಲೆ ಆಗ್ತಾ?”

“ವಾಯರ್ ಬದಲಿಸಿದ್ರೆ ಸ್ವಲ್ಪ. ಆದ್ರೆ ಹುಟ್ಟೇ ಹೀಗಿದ್ರೆ ಎಷ್ಟು ತಿದ್ದಲಿಕ್ಕಾಗ್ತದೆ? ವಾಪಸು ಕೊಡಿ.”

“ಮೂವತ್ತು ವರ್ಷ ಪಾಠ ಹೇಳಿದ್ರೂ ಎಂಗೆ ಇದು ತಿಳದಿತ್ತಿಲ್ಲೆ,” ಎಂದರು ರೋಹಿಣಿ.

ಸುಜಯ ಮೊಬೈಲು ತೆಗೆದ. ತೀರ್ಪನ್ನು ಅವನು ಬರೆಯುತ್ತಿರಲಿಲ್ಲ. ಗುಂಡಿ ಒತ್ತಿ ಹಿಡಿದು ಮಾತಾಡಿ, ಗುಂಡಿ ಬಿಟ್ಟು ಕಳಿಸುತ್ತಿದ್ದ. “ಹುಲಗೋಳದ ಸೆಟ್ಟು ನಾನೇ ಕೂತು ಕೇಳಿದೆ. ಡಬ್ಬಿ. ಯಾರೂ ಇಕ್ಬಾಲನ ಹತ್ರ ಹೋಗಬೇಡಿ. ನಂಬಿಕೆ ಇಲ್ಲದಿದ್ರೆ ನೀವೇ ಕೇಳಿ.” ಗುಂಡಿ ಬಿಡದೆ ಮೊಬೈಲನ್ನು ಪರದೆಯ ಕಡೆ ಚಾಚಿದ. ಇಕ್ಬಾಲನ ಮುಖ ಸಣ್ಣದಾಯಿತು. ಎಲ್ಲ ಮುಗಿಯಿತು ಎನಿಸಿತು ಅವನಿಗೆ.

ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಮೆಲ್ಲಗೆ ತಿರುಗತೊಡಗಿತು. ರೋಹಿಣಿ ಎದ್ದು ಪರದೆ ಸರಿಸಿ ಒಳಗಿದ್ದ ಶಿಷ್ಯೆಯನ್ನು ಕರೆದರು.

“ಕಾವ್ಯಾ, ಇನ್ನು ಹಾಡದು ಸಾಕು ಮಗಾ, ತಂಬೂರಿ ಕೆಳಗಿಡು. ಇಕ್ಬಾಲ್, ಬೆಳಗ್ಗೆ ಹೋದ ಕರೆಂಟು ಈಗ ಬಂತು, ಸೆಟ್ಟು ಹಾಕು. ಸುಜಯಣ್ಣ ಅದ್ನ ಇನ್ನೂ ಕೇಳಿದ್ದೇ ಇಲ್ಲೆ.”

ಬೆಚ್ಚಿದ ಸುಜಯನ ಬೆರಳು ಗುಂಡಿ ಬಿಟ್ಟಿತು. ಗುಂಪಿನ ನೂರಾಹತ್ತು ಮಂದಿಗೂ, ರೋಹಿಣಿಯವರದೂ ಸೇರಿ, ಅಷ್ಟೂ ಮಾತು ತಲುಪಿತು.