ಮುಂದಿನ ಸಾಲಿನ ಪಾಸು

ಹೋದ ವಾರ ಅಪ್ಪ ಬರೀ ಚಹಾ ಕುಡಿದು ರಂಗಕ್ಕೆ ಹೋಗಿ, ಪಾತ್ರದ ನಡುವೆಯೇ ಕುಸಿದಿದ್ದ. ಇನ್ನೊಮ್ಮೆ ಬಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು ನಾಟಕ ಕಂಪನಿಯ ಮಾಲೀಕರು. ಅದಕ್ಕೇ ಇವತ್ತು ಆಟಕ್ಕೆ ಮೊದಲು ಅವನಿಗೆ ಉಣಿಸಲೇಬೇಕೆಂದು ಕರೆದುಕೊಂಡು ಹೊರಟೆ. ಮೂರು ಹೋಟೆಲ್ ಸುತ್ತಿದೆವು. ಎಲ್ಲ ಕಡೆಯೂ ದರದ ಬೋರ್ಡು ನೋಡಿಯೇ ಅಪ್ಪ ತಿರುಗಿದ.

"ಕಾಲು ಸೋತಾವವ್ವಾ. ಚಹಾ ಸಾಕು."

"ಚಹಾ ಕುಡದ ಬಿದ್ದೀಯಪ್ಪಾ ಹೋದ ವಾರ. ನಡಿ."

ಸಂದಿಯೊಳಗಿನ ಖಾನಾವಳಿಯಲ್ಲಿ ರೊಟ್ಟಿ ಬಿಸಿಯಿತ್ತು. ನಮ್ಮ ದುಡ್ಡು ಒಂದೇ ಊಟಕ್ಕೆ ಸಾಲುತ್ತಿತ್ತು. ಅಪ್ಪ ಜೇಬಿನಿಂದ ಕಂಪನಿಯ ಪಾಸು ತೆಗೆದು ಯಜಮಾನಿಯ ಮುಂದೆ ಹಿಡಿದ.

"ಅಕ್ಕಾರ, ಮಗಳಿಗೂ ಬಡಸ್ರಿ. ಇವತ್ತಿನ ಆಟ, ಮುಂದಿನ ಸಾಲು."

"ನಾ ಹುಟ್ಟಿದಾಗಿಂದ ನಾಟಕ ನೋಡಿಲ್ಲಪ್ಪಾ. ಉಣ್ರಿ, ಹೊಟ್ಟಿ ತುಂಬ ಉಣ್ರಿ."

ಆ ರಾತ್ರಿ ಅಪ್ಪ ಬೀಳಲಿಲ್ಲ. ದರ್ಬಾರಿನ ದೃಶ್ಯದಲ್ಲಿ ರಾಜನ ಕಾಲು ಹಿಡಿದು, "ಪ್ರಭು, ಮೂರು ದಿನದಿಂದ ಒಂದಗುಳು ಅನ್ನ ಕಂಡಿಲ್ಲ" ಎಂದು ಗಟ್ಟಿ ದನಿಯಲ್ಲಿ ಗೋಳಾಡಿದ.

ಮುಂದಿನ ಸಾಲಿನಿಂದ ಯಜಮಾನಿ ಎದ್ದು ನಿಂತಳು.

"ಸುಳ್ಳ ಹೇಳ್ತಾನ್ರೀ ರಾಜಾರ! ಈಗಷ್ಟ ನಮ್ಮ ಖಾನಾವಳ್ಯಾಗ ಐದ ರೊಟ್ಟಿ ಉಂಡ ಬಂದಾನ!"